ಕಂಬಕ್ಕೆ ಹೊಡೆದ ಲಾಳ

ಹಾನಗಲ್ಲಿನ ಕೆರೆಯಲ್ಲಿ ಜನರನ್ನು ಸುತ್ತಾಡಿಸುವ ದೋಣಿಯನ್ನು ನಡುವಯಸ್ಸಿನ ಒಬ್ಬರು ನೋಡಿಕೊಳ್ಳುತ್ತಿದ್ದರು. ನಾನು ದಡದಲ್ಲಿ ಚಹಾ ಮಾರುತ್ತಿದ್ದೆ. ಎರಡು ದಪ್ಪ ತಗಡಿನ ಕೊಳವೆಗಳ ಮೇಲೆ ಹಲಗೆ ಹಾಸಿದ ದೋಣಿ ಅದು. ಬೆಳಿಗ್ಗೆ ಪಾಚಿ ಉಜ್ಜಿ ತೆಗೆದ ಮೇಲೆ, ಕಲ್ಲಂಗಡಿ ಆರಿಸುವವರಂತೆ ಕೊಳವೆಗಳನ್ನು ಬೆರಳಗಂಟಿನಿಂದ ಬಡಿಯುತ್ತ ಕಿವಿಗೊಡುತ್ತಿದ್ದರು. ಒಳಗೆ ನೀರು ಸೇರಿದ್ದರೆ ಸದ್ದು ಮಂಕಾಗುತ್ತದೆ.

“ಒಳಗ ಗಾಳಿ ಅಷ್ಟ ಇರಬೇಕ್ರಿ,” ಎನ್ನುವುದು ಅವರ ಮಾತು. ದೋಣಿಯ ಹತ್ತಿರ ಮೊಳೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಷ್ಟೊಂದು ಜಾಗ್ರತೆ ಏಕೆ ಎಂದು ಒಮ್ಮೆ ಕೇಳಿದೆ.

“ನನಗ ಈಜು ಬರೂದಿಲ್ರಿ,” ಎಂದು ಚಹಾ ಹೀರಿದರು.

ಒಂದು ದಸರೆಯಲ್ಲಿ, ಗಾಡಿ-ಸಲಕರಣೆಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಅವರ ಹೆಂಡತಿ ಕುಂಕುಮ ಹಚ್ಚಿದ ಕುದುರೆ ಲಾಳ, ಮೊಳೆ ಹಿಡಿದುಕೊಂಡು ಬಂದರು. ಅದನ್ನು ಕೊಳವೆಯ ಮೂತಿಗೇ ಹೊಡೆಯಬೇಕೆಂದು ಆಕೆಯ ಹಟ.

“ಊರಾಗಿನ ಟ್ರ್ಯಾಕ್ಟರಿಗೆಲ್ಲಾ ಲಾಳ ಐತಿ. ನಿಮ್ಮ ದೋಣಿಗೆ ದೃಷ್ಟಿ ಆಗೂದಿಲ್ಲೇನ್ರಿ? ಈಜು ಬರದ ಗಂಡನ್ನ ದಿನಾ ನೀರಿಗೆ ಕಳಸಾಕಿ ನಾನು.”

ಅವರು ಲಾಳವನ್ನು ಕಣ್ಣಿಗೊತ್ತಿಕೊಂಡು, ದೋಣಿ ಕಟ್ಟುವ ಮರದ ಕಂಬಕ್ಕೆ ಹೊಡೆದರು. “ಎಲ್ಲಿ ಹೋದ್ರೂ ದೋಣಿ ಇಲ್ಲಿಗೇ ಬರ್ತೈತಲ್ಲ,” ಎಂದರು.

“ಕಂಬ ಯಾವಾಗ ಮುಳಗಾಕ ಹೋಗಿತ್ರಿ?” ಎಂದು ಆಕೆ ಸಿಡುಕಿದರು.

ಪೂಜೆಯಾದ ದೋಣಿಯನ್ನು ಒಂದು ಸುತ್ತು ತರಲು ಅವರು ಹಗ್ಗ ಬಿಚ್ಚಿ ಹೊರಟರು. ಆಕೆಗೆಂದು ನಾನು ತಂದ ಚಹಾ ಕಟ್ಟೆಯ ಮೇಲೇ ಆರಿತು. ದೋಣಿ ತಿರುಗಿ ಬರುವವರೆಗೂ ಆಕೆ ಕಂಬದ ಲಾಳದ ಮೇಲಿಟ್ಟ ಕೈ ತೆಗೆಯಲಿಲ್ಲ.