ಗೊರಗುಂಟೆಪಾಳ್ಯದ ಅರ್ಧ ಸಾಲು

ಕೆಲವು ವಿವರ ತಪ್ಪಿರಬಹುದು. ಕಾಕಾನ ತಲೆಗೆ ಅಂದು ರುಮಾಲು ಇತ್ತೋ ಇಲ್ಲವೋ. ಊರಿನಲ್ಲಿ ಸದಾ ಇರುತ್ತಿದ್ದುದರಿಂದ ಈಗ ನೆನಪಿನಲ್ಲಿ ನಾನೇ ಸುತ್ತುತ್ತಿದ್ದೇನೋ ಏನೋ. ಆದರೆ ಗೊರಗುಂಟೆಪಾಳ್ಯದ ಮೇಲ್ಸೇತುವೆಯ ಕಂಬಕ್ಕೆ ಒರಗಿ, ಲಾರಿಗಳ ಹೊಗೆಯಲ್ಲಿ ಏಕತಾರಿ ಹಿಡಿದು ಹಾಡುತ್ತಿದ್ದ ಮುದುಕ ನನ್ನ ಅಪ್ಪನ ತಮ್ಮನೇ. ಪಾಠ ಮಾಡಲು ಕಾಲೇಜಿಗೆ ಹೊರಟಿದ್ದ ನಾನು ಬಸ್ಸಿನ ಕಿಟಕಿಯಿಂದ ಕಂಡೆ.

ಅವನ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ ಅವನನ್ನು ಗದಗಿನ ಕಡೆಯ ನಮ್ಮೂರಿನಿಂದ ವಿದ್ಯಾರಣ್ಯಪುರದ ನನ್ನ ಬಾಡಿಗೆ ಮನೆಗೆ ಕರೆತಂದಿದ್ದೆ. ಬಂದ ವಾರವೇ ಓನರ್ ಆಂಟಿ ಮೆಟ್ಟಿಲಲ್ಲಿ ನಿಲ್ಲಿಸಿದರು.

"ಭಜನೆ ಚೆನ್ನಾಗೇ ಇದೆ ಕಣ್ರೀ. ಆದ್ರೆ ಪಕ್ಕದ್ಮನೇಲಿ ಮಗು ಮಲಗತ್ತೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಇಲ್ಲಿ ಅಡ್ಜಸ್ಟ್ ಎಂದರೆ ನಿಲ್ಲಿಸಿ ಎಂದು ಅರ್ಥ. ಕಾಕಾ ಹಾಡು ನಿಲ್ಲಿಸಿದ. ಆಮೇಲೆ ಮಾತನ್ನೂ. ಊರಿನಿಂದಲೇ ಜೋಳದ ಹಿಟ್ಟು ತರಿಸಿ ಬಡಿದರೂ ತಟ್ಟೆಯಲ್ಲಿ ರೊಟ್ಟಿ ಉಳಿಯತೊಡಗಿತು. ಡಾಕ್ಟರು ರೋಗವೇನಿಲ್ಲ ಎಂದರು. ಕರೆತಂದು ಕೊಲ್ಲುತ್ತಿದ್ದೇನೆಯೇ ಎಂದು ಒಲೆಯ ಮುಂದೆ ನಿಂತು ಅಳುತ್ತಿದ್ದೆ.

ಬಸ್ಸಿಳಿದು ಓಡಿದೆ. ಅವನ ಮುಂದೆ ಬಟ್ಟೆ ಹಾಸಿರಲಿಲ್ಲ. ಪಲ್ಲವಿಯ ಸಾಲನ್ನು ಅರ್ಧಕ್ಕೆ ಬಿಟ್ಟು, ಮುಖ ಎತ್ತಿ ಕಾಯುತ್ತಿದ್ದ. ನಮ್ಮೂರ ಮಠದ ಭಜನೆಯ ರೀತಿಯೇ ಹಾಗೆ: ಹಾಡುವವನು ಅರ್ಧ ಬಿಡಬೇಕು, ಕೂತವರು ಉಳಿದರ್ಧ ಎತ್ತಿಕೊಳ್ಳಬೇಕು, ಅಲ್ಲಿಯವರೆಗೆ ಮುಂದಿನ ನುಡಿಗೆ ಹೋಗುವಂತಿಲ್ಲ. ಇಲ್ಲಿನ ಜನ ಹಾಡು ಮುಗಿಯಿತೆಂದು ಚಿಲ್ಲರೆ ಹಾಕಿ ನಡೆಯುತ್ತಿದ್ದರು.

"ಏನ್ ತಾತ, ಅರ್ಧಕ್ಕೇ ನಿಂತೋಯ್ತು? ಚಾರ್ಜ್ ಖಾಲಿನಾ?" ಎಂದ ಒಬ್ಬ ಆಟೋದವನು.

"ಕಾಕಾ, ನೀ ಭಿಕ್ಷಾ ಬೇಡಾಕತ್ತೀ ಅಂತ ತಿಳಕೊಂಡಾರ ಮಂದಿ. ಏಳು."

"ತಿಳಕೊಳ್ಳಲಿ ಬಿಡವ್ವಾ. ನಮ್ಮ ಕಡೆ ಬಸ್ಸೆಲ್ಲಾ ಇಲ್ಲೇ ಮಂದೀನ ಇಳಸ್ತಾವ. ಯಾರರ ಒಬ್ಬರು ಎತ್ತಿಕೊಂಡಾರು."

"ಇಲ್ಲಿತನಕಾ ಎತ್ತಿಕೊಂಡಾರೇನು?"

"ಒಬ್ಬಾಕಿ ನಿಂತಿದ್ಲು, ಚೀಲಾ ಹೊತ್ಕೊಂಡು. ತುಟಿ ಅಳ್ಳಾಡಿದ್ವು. ಅಷ್ಟರಾಗ ಸಿಟಿ ಬಸ್ ಬಂತು."

ಇಷ್ಟು ಮಾತನ್ನು ಅವನಿಂದ ಕೇಳಿ ಎಷ್ಟು ಕಾಲವಾಗಿತ್ತೋ. ಆರ್.ಟಿ. ನಗರದ ಸಿಗ್ನಲ್ಲಿನಲ್ಲಿ ಕೊಳಲೂದುವವನನ್ನು ಕಂಡಾಗಲೆಲ್ಲ ಹೊಟ್ಟೆಪಾಡು ಎಂದುಕೊಂಡು ದಾಟಿದ್ದೇನೆ. ಅವನೂ ಏನಕ್ಕಾಗಿ ಕಾಯುತ್ತಿದ್ದನೋ, ನಾನು ಕೇಳಿಲ್ಲ.

ಕಾಕಾ ಮತ್ತೆ ತಂತಿ ಮೀಟಿ, ಅರ್ಧಕ್ಕೆ ನಿಂತ. ನನ್ನ ವಿದ್ಯಾರ್ಥಿಗಳು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದೆನೋ ಏನೋ. ಕೊನೆಗೆ ಉಳಿದರ್ಧವನ್ನು ನಾನೇ ಎತ್ತಿಕೊಂಡೆ. ಅವನು ಮುಂದಿನ ನುಡಿಗೆ ಹೋದ, ಮಂಗಳದವರೆಗೂ ಹಾಡಿದ. ಅಂದು ಮನೆಯಲ್ಲಿ ಎರಡು ರೊಟ್ಟಿ ಉಂಡ. ಗೆದ್ದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮತ್ತೆ ಏಕತಾರಿಗೆ ಬಟ್ಟೆ ಸುತ್ತುತ್ತಿದ್ದ. ನನ್ನನ್ನು ಬಾ ಎನ್ನಲಿಲ್ಲ. ಊರಿಗೆ ಹೋದರೆ ನಾನು ಬೆಂಗಳೂರಿನಾಕಿ, ಇಲ್ಲಿ ಬಾಯಿ ತೆರೆದರೆ, "ನೀವು ಆ ಕಡೆಯವ್ರಾ?" ಎನ್ನುತ್ತಾರೆ. ನನ್ನ ದನಿ ಅವನ ಕಿವಿಗೆ ಯಾವ ಕಡೆಯದಾಗಿ ಕೇಳಿಸಿತೋ. ಬಾಗಿಲಿಗೆ ಅಡ್ಡ ನಿಂತು ಕೇಳಿದೆ:

"ನಾ ಒಬ್ಬಾಕಿ ಎತ್ತಿಕೊಂಡ್ರ ಸಾಲೂದಿಲ್ಲೇನು, ಕಾಕಾ?"