ಅಣ್ಣ ಆರಿಸಿದ ಲೈನ್‌ಬ್ಯಾಕರ್

ತೊಂಬತ್ತರ ದಶಕದ ನಡುವಿನ ಮಾತು. ಸಿಂಗಾಪುರದ ಒಂದು ಕ್ರೀಡಾ ಚಾನೆಲ್‌ನಲ್ಲಿ ನನಗೆ ಟೇಪ್ ನೋಡುವ ಕೆಲಸವಿತ್ತು. ತಮಾಷೆಯಲ್ಲ, ಅದಕ್ಕೇ ಸಂಬಳ. ಅಮೆರಿಕದಿಂದ ಬರುವ ಫುಟ್‌ಬಾಲ್ ಟೇಪುಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಎಲ್ಲಿ ಏನಾಯಿತೆಂದು ಎಡಿಟರ್‌ಗೆ ಬರೆದುಕೊಡಬೇಕು. ಅಮೆರಿಕದವರ ಫುಟ್‌ಬಾಲ್ ಕಾಲಿನ ಆಟವಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ನುಗ್ಗುತ್ತಾನೆ, ಉಳಿದವರು ಮೈಮೇಲೆ ಬಿದ್ದು ಕೆಡವುತ್ತಾರೆ. ನನಗೆ ಮೊದಮೊದಲು ಅದು ಹೆಲ್ಮೆಟ್ ಹಾಕಿಕೊಂಡ ಗೂಳಿಗಳ ಜಗಳದಂತೆ ಕಾಣುತ್ತಿತ್ತು. ಅದರಲ್ಲಿ ರುಚಿ ಹತ್ತಿಸಿದವನು ಅಣ್ಣ. ಅವನಿಗೆ ನಿಯಮಗಳು ಗೊತ್ತಿರಲಿಲ್ಲ, ಆದರೆ ಓಡುವವನನ್ನು ಹಿಡಿದು ಕೆಡವುವುದು ಏನೆಂದು ಚೆನ್ನಾಗಿ ಗೊತ್ತಿತ್ತು.

ಅಣ್ಣ ಹಡಗು ಕಂಪನಿಯೊಂದರ ಆಫೀಸಿನಲ್ಲಿದ್ದ. ಬೆಡೋಕ್‌ನ ಬಾಡಿಗೆ ಫ್ಲಾಟಿನಲ್ಲಿ ಅಣ್ಣ ತಂಗಿ ನಾವಿಬ್ಬರೇ. ಮದುವೆಯ ಮಾತೆತ್ತಿದರೆ ಇಬ್ಬರಿಗೂ ಕಿವಿ ಕೇಳಿಸುವುದಿಲ್ಲ ಎಂದು ಊರಿನಲ್ಲಿ ಆಡಿಕೊಳ್ಳುತ್ತಿದ್ದರಂತೆ. ನಮ್ಮ ಮನೆಮಾತು ತುಳು; ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಉಡುಪಿಯಲ್ಲಿ ಕಾಲೇಜು ಓದುವಾಗ ಅಣ್ಣ ಕಬಡ್ಡಿಯಲ್ಲಿ ಹೆಸರು ಮಾಡಿದ್ದ. ಸಾಲಿನ ತುದಿಯಲ್ಲಿ ನಿಂತು ರೈಡರ್‌ನ ಕಾಲು ಹಿಡಿಯುವ ಕಾರ್ನರ್ ಅವನ ಜಾಗ. ಅವನ ವಿದ್ಯೆಯೆಲ್ಲ ಇದ್ದದ್ದು ಕಾಯುವುದರಲ್ಲಿ. ರೈಡರ್ ಎಷ್ಟೇ ಕೆಣಕಿದರೂ ಅಲ್ಲಾಡುತ್ತಿರಲಿಲ್ಲ. ಬರಲಿ, ಇನ್ನೂ ಒಳಗೆ ಬರಲಿ, ವಾಪಸು ಮುಟ್ಟಬೇಕಾದ ನಡುಗೆರೆ ಅವನಿಗೆ ದೂರವಾಗಲಿ. ಆಮೇಲೆ ಕಣಕಾಲಿಗೆ ಕೈ. ಹಾಗೆ ಆಡುತ್ತಲೇ ರಾಜ್ಯ ತಂಡದ ಆಯ್ಕೆ ಶಿಬಿರದವರೆಗೆ ಹೋದ. ಅಲ್ಲಿದ್ದ ಒಬ್ಬ ಆಯ್ಕೆಗಾರ ಎಲ್ಲರೆದುರು, "ಕಾಯ್ತಾ ಇಲ್ಲ ಇವನು, ಹೆದರ್ತಾ ಇದ್ದಾನೆ" ಎಂದು ಹೇಳಿ ವಾಪಸು ಕಳಿಸಿದ.

ಆ ಮಾತನ್ನು ಅಣ್ಣ ಸಿಂಗಾಪುರಕ್ಕೂ ಹೊತ್ತು ತಂದಿದ್ದ. ಭಾನುವಾರ ನಮ್ಮ ಕರಾವಳಿಯವರೆಲ್ಲ ಸೇರಿ ಬ್ಲಾಕಿನ ಹಿಂದಿನ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದರು. ಆಟ ಮುಗಿದ ಮೇಲೆ ಬ್ಲಾಕಿನ ಬುಡದ ತೆರೆದ ಜಗಲಿಯಲ್ಲಿ, ಅಲ್ಲಿನವರು ವಾಯ್ಡ್ ಡೆಕ್ ಎನ್ನುವಲ್ಲಿ, ಕೂತು ಚಹಾ. ಆಗ ಯಾರಾದರೂ ಹಳೆಯದನ್ನು ಕೆದಕಿದರೆ ಮುಗಿಯಿತು. "ಆ ಜನಕ್ಕೆ ಕಣ್ಣೇ ಇರ್ಲಿಲ್ಲ ಮಾರಾಯ್ರೆ" ಎಂದು ಅಣ್ಣ ಶುರು ಮಾಡುತ್ತಿದ್ದ, ಎದ್ದು ನಿಂತು ಹಿಡಿತ ತೋರಿಸುತ್ತಿದ್ದ, ಚಹಾ ಆರಿ ಹೋಗುತ್ತಿತ್ತು. ನನಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಮುಂದಿನ ವಾಕ್ಯವನ್ನು ನಾನೇ ಹೇಳಿ ಗೇಲಿ ಮಾಡುತ್ತಿದ್ದೆ. ಆದರೂ ನನಗೆ ಗೊತ್ತಿತ್ತು: ದಿನವಿಡೀ ಯಾರ್ಯಾರದೋ ಕಂಟೇನರುಗಳ ಲೆಕ್ಕ ನೋಡುವ ಈ ಮನುಷ್ಯ ತಲೆಯೆತ್ತಿ ನಡೆಯುತ್ತಿದ್ದುದು ಆ ಆಯ್ಕೆಗಾರ ತಪ್ಪು ಮಾಡಿದ ಎಂಬ ಒಂದೇ ನಂಬಿಕೆಯ ಬಲದಲ್ಲಿ.

ಆ ವರ್ಷ ನಮ್ಮ ಅಮೆರಿಕನ್ ಪ್ರೊಡ್ಯೂಸರ್‌ಗೆ ಒಂದು ಯೋಚನೆ ಹೊಳೆಯಿತು. ತಂಡಗಳು ಸೀಸನ್‌ಗೆ ಮುಂಚೆ ಬೇಕಾದ್ದಕ್ಕಿಂತ ಹೆಚ್ಚು ಹೊಸಬರನ್ನು ಶಿಬಿರಕ್ಕೆ ಕರೆಯುತ್ತವೆ, ಆಮೇಲೆ ಬಹಳಷ್ಟು ಜನರನ್ನು ಕೈಬಿಡುತ್ತವೆ. ಅಂಥ ಹೊಸಬರಲ್ಲಿ, ಅವರ ಮಾತಿನಲ್ಲಿ ರೂಕಿಗಳಲ್ಲಿ, ಒಬ್ಬನನ್ನು ಈಗಲೇ ಆರಿಸಿ ಸೀಸನ್ ಪೂರ್ತಿ ಅವನ ಕಥೆ ತೋರಿಸುವುದು. ಟೇಪುಗಳನ್ನೆಲ್ಲ ನೋಡಿದವಳು ನಾನೊಬ್ಬಳೇ ಆದ್ದರಿಂದ ಹೆಸರು ಸೂಚಿಸುವ ಕೆಲಸ ನನ್ನ ತಲೆಗೆ ಬಂತು. ಶನಿವಾರ ಮಧ್ಯಾಹ್ನ ಕಾಪಿಗಳನ್ನು ಮನೆಗೆ ತಂದೆ.

ಅಣ್ಣ ಊಟದ ತಟ್ಟೆ ಹಿಡಿದೇ ಟಿವಿ ಮುಂದೆ ಕೂತ. ನಾನು ಓಟಗಾರರನ್ನು ನೋಡುತ್ತಿದ್ದೆ, ಅವನು ಹಿಡಿಯುವವರನ್ನು. ಒಂದು ಕಡೆ, "ರಿವೈಂಡ್ ಮಾಡು" ಎಂದ. ಲೈನ್‌ಬ್ಯಾಕರ್ ಒಬ್ಬ, ರಕ್ಷಣೆಯ ಮುಂಸಾಲಿನ ಹಿಂದೆ ನಿಂತು, ಚೆಂಡು ಯಾರ ಕೈಗೆ ಹೋಯಿತೆಂದು ನೋಡಿ ಅವನ ಮೇಲೆ ಬೀಳಬೇಕಾದವನು. ಉಳಿದವರೆಲ್ಲ ಆಟ ಶುರುವಾದ ಕೂಡಲೇ ಮುನ್ನುಗ್ಗಿದರೆ ಇವನು ಅರೆಕ್ಷಣ ನಿಲ್ಲುತ್ತಿದ್ದ.

"ಅವನ ಕಾಲು ನೋಡು ಮಾರಾಯ್ತಿ. ಎಲ್ಲ ಹಾರಿದ್ರು, ಇವ ಹಾರ್ಲಿಲ್ಲ. ಬರ್ಲಿ ಅಂತ ಬಿಡ್ತಾನೆ."

"ಅಣ್ಣ, ಇದು ಕಬಡ್ಡಿ ಅಲ್ಲ. ಕಬಡ್ಡೀಲಿ ರೈಡರ್ ಒಳಗೆ ಬಂದಷ್ಟೂ ನಮಗೆ ಲಾಭ. ಇಲ್ಲಿ ಚೆಂಡು ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ್ರೂ ಅದು ಅವನಿಗೇ ಲಾಭ."

"ಹಿಡಿಯೋದು ಎಲ್ಲಿ ಹೋದ್ರೂ ಹಿಡಿಯೋದೇ. ಇವನಲ್ಲಿ ಎಂತದೋ ಉಂಟು. ನೀನು ಇವನ ಹೆಸರೇ ಕೊಡು."

ಕೊಟ್ಟೆ. ಹುಡುಗನ ಸಂದರ್ಶನದ ತುಣುಕೂ ಚೆನ್ನಾಗಿತ್ತು, ಪ್ರೊಡ್ಯೂಸರ್ ಒಪ್ಪಿದ. ಆಮೇಲೆ ಪ್ರತಿ ಶನಿವಾರ ನಮ್ಮ ಮನೆಯಲ್ಲಿ ಹಬ್ಬ. ಎಲ್ಲೋ ದೂರದ ಒಬ್ಬ ಅಮೆರಿಕನ್ ಹುಡುಗನನ್ನು ಅಣ್ಣ "ನಮ್ಮವ" ಎಂದು ಕರೆಯತೊಡಗಿದ. ನಮ್ಮವ ಇವತ್ತು ಹೇಗೆ ಆಡಿದ, ನಮ್ಮವನ ಭುಜ ಕೆಳಗಿರಬೇಕಿತ್ತು. "ಇವನನ್ನು ತಗೊಳ್ತಾರೆ ನೋಡು. ಆಗ ಗೊತ್ತಾಗ್ತದೆ" ಎನ್ನುತ್ತಿದ್ದ. ಯಾರಿಗೆ, ಏನು ಗೊತ್ತಾಗಬೇಕು ಎಂದು ನಾನು ಕೇಳಲಿಲ್ಲ. ಹುಡುಗ ತಂಡದಲ್ಲಿ ಉಳಿಯಲಿ ಎಂದು ನಾನೂ ಬೇಡಿಕೊಳ್ಳುತ್ತಿದ್ದೆ, ಆ ಆಟದ ಮೇಲಿನ ಪ್ರೀತಿಯಿಂದಲ್ಲ.

ಶಿಬಿರದ ಕೊನೆಯ ಟೇಪಿನಲ್ಲಿ ಮೈದಾನದ ಧ್ವನಿಯೂ ಇತ್ತು. ಅಭ್ಯಾಸದ ನಡುವೆ ನಮ್ಮವ ನಿಂತ, ಕಾದ, ಓಟಗಾರ ಪಕ್ಕದಿಂದ ಜಾರಿ ಹೋದ. ಕೋಚ್ ಟೋಪಿ ಕಿತ್ತು ನೆಲಕ್ಕೆ ಬಡಿದು ಕಿರುಚಿದ: ಏನಕ್ಕೆ ಕಾಯ್ತಿದ್ದೀಯ, ಯಾರಿಗೆ ಹೆದರ್ತಿದ್ದೀಯ? ಇಂಗ್ಲಿಷಿನಲ್ಲಿ, ಬೇರೆ ಖಂಡದಲ್ಲಿ, ಅದೇ ಮಾತು. ಅಣ್ಣ ರಿವೈಂಡ್ ಮಾಡು ಎನ್ನಲಿಲ್ಲ. ಅನ್ನ ಕಲಸುತ್ತಾ ಕೂತ, ತಿನ್ನಲಿಲ್ಲ.

ಮುಂದಿನ ವಾರ ತಂಡ ಹುಡುಗನನ್ನು ಕೈಬಿಟ್ಟ ಸುದ್ದಿ ಬಂತು. ಪ್ರೊಡ್ಯೂಸರ್ ಭುಜ ಕುಣಿಸಿ ಇನ್ನೊಬ್ಬನನ್ನು ಹುಡುಕು ಎಂದ. ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಬಟ್ಟೆ ಒಣಗಿಸುವ ಬಿದಿರಿನ ಕೋಲನ್ನು ಕಿಟಕಿಯಿಂದ ಒಳಗೆ ಎಳೆದುಕೊಳ್ಳುತ್ತಿದ್ದ. ಅಂಗಿಗಳನ್ನೆಲ್ಲ ತೆಗೆದು ಮಡಿಸಿದ ಮೇಲೆ ಹೇಳಿದ:

"ಅವರಿಗೆ ಕಂಡದ್ದು ಸರಿ. ಒಬ್ಬರಿಗಲ್ಲ, ಇಬ್ಬರಿಗೂ ಒಂದೇ ಕಾಣ್ಬೇಕಾದ್ರೆ ಸರಿಯೇ ಇರ್ಬೇಕು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೋಚ್ ಮೇಲೆ, ನಾನು ಮುಖವನ್ನೇ ನೋಡದ ಆ ಆಯ್ಕೆಗಾರನ ಮೇಲೆ, ಆ ಟೇಪನ್ನು ಮನೆಗೆ ತರಿಸಿದ ಕೆಲಸದ ಮೇಲೆ. ಬೇರೆ ಆಟ, ಬೇರೆ ಲೆಕ್ಕ ಎಂದು ಕೂಗಾಡಿದೆ. ಅವನು ವಾದಿಸಲೂ ಇಲ್ಲ. ವಾದಿಸಿದ್ದರೆ ಚೆನ್ನಾಗಿತ್ತು.

ಕೆಲವು ದಿನಗಳ ನಂತರ ಅಮೆರಿಕಕ್ಕೆ ಫೋನ್ ಮಾಡಿದ್ದ ಪ್ರೊಡ್ಯೂಸರ್ ಮಾತಿನ ನಡುವೆ ನಿಜ ವಿಷಯ ಹೇಳಿದ. ಆ ಕೋಚ್ ಎಲ್ಲ ಹೊಸಬರಿಗೂ ಹಾಗೇ ಕಿರುಚುತ್ತಾನಂತೆ. ಹುಡುಗ ಅವನಿಗೆ ಇಷ್ಟವೇ ಆಗಿದ್ದನಂತೆ. ಅಷ್ಟರಲ್ಲಿ ಇನ್ನೊಂದು ತಂಡ ಬಿಟ್ಟ ಅನುಭವಿ ಲೈನ್‌ಬ್ಯಾಕರ್ ಸಿಕ್ಕಿದ್ದರಿಂದ ಜಾಗವಿಲ್ಲದೆ ಕಳಿಸಿದರಂತೆ, ಅಷ್ಟೇ. ಬಸ್ಸಿನಲ್ಲಿ ಕೂರಲಾಗದೆ ನಿಂತುಕೊಂಡೇ ಮನೆಗೆ ಬಂದೆ. ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟೆ.

ಅಣ್ಣ ಪೂರ್ತಿ ಕೇಳಿಸಿಕೊಂಡ. ಆಮೇಲೆ ನನ್ನ ತಲೆ ನೇವರಿಸಿದ.

"ನಿಂಗೆ ಸುಳ್ಳು ಹೇಳ್ಲಿಕ್ಕೆ ಬರೋದಿಲ್ಲ. ಆದ್ರೂ ನಂಗೋಸ್ಕರ ಹೇಳಿದ್ಯಲ್ಲ, ಸಾಕು."

"ದೇವರಾಣೆ ಅಣ್ಣ, ಅವನೇ ಹೇಳಿದ್ದು."

"ಆಯ್ತು ಮಾರಾಯ್ತಿ, ಆಯ್ತು. ಕೈಕಾಲು ತೊಳ್ಕೊ."

ಆಣೆ ಇಟ್ಟಷ್ಟೂ ಅವನ ಕಣ್ಣಲ್ಲಿ ನನ್ನ ಬಗ್ಗೆ ಅಕ್ಕರೆ ಹೆಚ್ಚಾಯಿತೇ ಹೊರತು ನಂಬಿಕೆ ಬರಲಿಲ್ಲ. ಪ್ರೊಡ್ಯೂಸರನ್ನೇ ಮನೆಗೆ ಕರೆತರಲೇ ಎಂದೆ. ನಕ್ಕ.

ಆ ಭಾನುವಾರವೂ ಆಟವಿತ್ತು. ಅಣ್ಣ ಗೆರೆಯ ಹೊರಗೆ ನಿಂತು ಅಂಕ ಎಣಿಸಿದ. ಚಹಾಕ್ಕೆ ಕೂತಾಗ, ಮಂಗಳೂರು ಕಡೆಯಿಂದ ಹೊಸದಾಗಿ ಬಂದವರೊಬ್ಬರು, "ನೀವು ಸ್ಟೇಟ್ ಕ್ಯಾಂಪಿನವರೆಗೂ ಹೋಗಿದ್ರಂತಲ್ಲ, ಮತ್ತೆ ಯಾಕೆ ಸೆಲೆಕ್ಟ್ ಆಗ್ಲಿಲ್ಲ?" ಎಂದು ಕೇಳಿದರು. ಸುತ್ತಲಿದ್ದವರು ನಗುತ್ತಾ ಸರಿದು ಕೂತರು. ಮುಂದಿನದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಚಹಾವನ್ನು ಬಿಸಿಯಿರುವಾಗಲೇ ಕುಡಿದು ಮುಗಿಸಿದ.

"ನಾನು ಹೆದರ್ತಿದ್ದೆ" ಎಂದ.

ಇದು ಅವನ ಹೊಸ ತಮಾಷೆ ಇರಬೇಕೆಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನೂ ಅವರ ಜೊತೆ ನಕ್ಕ. ನಗಲಾಗದೆ ಕೂತವಳು ನಾನೊಬ್ಬಳೇ.