ಹಮೀದುನ್ನೀಸಾ ಮತ್ತು ಏಪ್ರನ್ ತೊಟ್ಟ ತೋಳ

ಮಲೇಷ್ಯಾದ ಪುಚೊಂಗಿನಲ್ಲಿ ಮಗಳ ಮನೆಯಲ್ಲಿದ್ದ ಆರು ವರ್ಷಗಳಲ್ಲಿ ನಾನು ಪಾಠ ಹೇಳಿದ್ದು ಒಬ್ಬರಿಗೆ ಮಾತ್ರ. ಆ ವಿದ್ಯಾರ್ಥಿನಿಗೆ ಅರವತ್ತೆರಡು ವರ್ಷ. ಪಠ್ಯವೆಂದರೆ ಹದಿನಾರು ಪುಟಗಳ ಒಂದು ಚಿತ್ರಪುಸ್ತಕ. ಪುಟಕ್ಕೆ ಎರಡೇ ಸಾಲು.

ಹೆಸರು ಹಮೀದುನ್ನೀಸಾ. ಕೊಪ್ಪಳದ ಕಡೆಯವರು. ತಂದೆ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದರು, ಮನೆಮಾತು ಕನ್ನಡ. ಎಂಜಿನಿಯರಾಗಿದ್ದ ಮಗ ತಬ್ರೇಜ್ ೨೦೧೪ರಲ್ಲಿ ಅವರನ್ನು ಮೂರು ತಿಂಗಳಿಗೆಂದು ಕರೆಸಿಕೊಂಡಿದ್ದ. ನಮ್ಮ ಕಟ್ಟಡದ ಲಿಫ್ಟಿನಲ್ಲಿ ನನ್ನ ಮಾತು ಕೇಳಿ, "ನೀವು ನಮ್ಮ ಕಡ್ಯಾವರೇನ್ರಿ?" ಎಂದು ಕೈ ಹಿಡಿದುಕೊಂಡರು. ನಾನು ಪುತ್ತೂರಿನಲ್ಲಿ ಟೀಚರಾಗಿದ್ದವಳು ಎಂದು ತಿಳಿದದ್ದೇ ತಡ, ಅವರ ಬಾಯಲ್ಲಿ "ಅಕ್ಕೋರು" ಆದೆ.

ಅವರು ಬಂದದ್ದು ಮೊಮ್ಮಗಳಿಗಾಗಿ. ಐದು ವರ್ಷದ ಫಿರ್ದೌಸ್ ತಾನು "ದಾದಿ" ಎನ್ನುತ್ತಿದ್ದ ಈ ಅಜ್ಜಿಯನ್ನು ಅದುವರೆಗೆ ಫೋನಿನಲ್ಲಿ ಮಾತ್ರ ಕಂಡಿದ್ದಳು. ಕನ್ನಡ ತಿಳಿಯುತ್ತಿತ್ತು, ಉತ್ತರವೆಲ್ಲ ಮಾತಿಗೊಂದು "ಲಾ" ಸೇರುವ ಅಲ್ಲಿನ ಇಂಗ್ಲಿಷಿನಲ್ಲಿ.

"ತಾನಾಗೇ ಬಂದು ಒಮ್ಮೆ ನನ್ನ ತೊಡಿ ಮ್ಯಾಲೆ ಕುಂತರ ಸಾಕ್ರಿ ಅಕ್ಕೋರ. ನಾ ಬಂದದ್ದು ಅಷ್ಟಕ್ಕ," ಎನ್ನುತ್ತಿದ್ದರು.

ಹನ್ನೊಂದನೆಯ ದಿನ ಮಗು ತಾನಾಗಿಯೇ ಬಂದಿತು, ಕೈಯಲ್ಲೊಂದು ಪುಸ್ತಕ ಹಿಡಿದು. ಅದರ ತುಂಬ ಏಪ್ರನ್ ತೊಟ್ಟ ತೋಳ. ಕನ್ನಡಕ ಮೂಗಿನ ತುದಿಯಲ್ಲಿ, ಬಾಲಕ್ಕೆಲ್ಲ ಹಿಟ್ಟು; ಕುರಿಗಳಿಗೆ ರೊಟ್ಟಿ ಸುಟ್ಟು ಬಡಿಸುತ್ತದೆ, ರೊಟ್ಟಿ ಸೀದರೆ ಗೊಳೋ ಎಂದು ಅಳುತ್ತದೆ. ಈಗಿನ ಮಕ್ಕಳ ಪುಸ್ತಕಗಳಲ್ಲಿ ತೋಳಗಳು ಹೀಗೆಯೇ: ಒಂದಕ್ಕೆ ಹಲ್ಲುನೋವು, ಇನ್ನೊಂದಕ್ಕೆ ಕತ್ತಲೆಯೆಂದರೆ ಭಯ. ಮಗು ಪುಸ್ತಕವನ್ನು ದಾದಿಯ ಮಡಿಲಲ್ಲಿಟ್ಟು, ತಾನೂ ಏರಲು ಮಂಡಿ ಎತ್ತಿತು. ಹಮೀದುನ್ನೀಸಾ ಮೈಮೇಲೆ ಹಾವು ಬಿದ್ದವರಂತೆ ಪುಸ್ತಕವನ್ನು ಕೊಡವಿ ಎಸೆದರು. ಅದು ಗೋಡೆಗೆ ಬಡಿದು ಹರಿಯಿತು. ಮಗು ಆಮೇಲೆ ದಾದಿಯ ಕೋಣೆಯತ್ತ ಸುಳಿಯಲಿಲ್ಲ. ಸೊಸೆ ಮದೀಹಾ ಹರಿದ ಪುಟಕ್ಕೆ ಟೇಪು ಹಚ್ಚಿದಳು, ಏಕೆಂದು ಕೇಳಲಿಲ್ಲ. ಕೇಳದಿದ್ದದ್ದೇ ಅವರನ್ನು ಹೆಚ್ಚು ನೋಯಿಸಿತು.

ಮರುದಿನ, ಮಗು ಶಾಲೆಗೆ ಹೋದ ಮೇಲೆ, ಈಜುಕೊಳದ ಬದಿಯ ಬೆಂಚಿಗೆ ಪುಸ್ತಕ ಹಿಡಿದು ಬಂದರು.

"ಇದ್ರಾಗ ಏನು ಬರದೈತಿ, ಹೇಳ್ರಿ. ಬಾಯಿಪಾಠ ಮಾಡ್ತೀನಿ."

ನಾನು ಒಂದೊಂದೇ ಪುಟವನ್ನು ಕನ್ನಡದಲ್ಲಿ ಹೇಳಿದೆ. ನಾನು "ತೋಳ" ಎಂದಲ್ಲೆಲ್ಲ ಅವರು "ಅಂವ" ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಮಕ್ಕಳನ್ನು ತಿದ್ದಿದವಳಿಗೆ ಸುಮ್ಮನಿರಲಾದೀತೆ?

"ಅಂವ ಅಂದರೆ ಯಾರೆಂದು ಮಗುವಿಗೆ ತಿಳಿಯುವುದು ಹೇಗೆ? ತೋಳ ಅನ್ನಿ. ಎಲ್ಲಿ, ಹೇಳಿ ನೋಡುವ."

ಮೂರು ಸಲ ಒತ್ತಾಯಿಸಿದೆ. ಅವರು ಸೆರಗಿನ ತುದಿಯಿಂದ ಚಿತ್ರ ಮುಚ್ಚಿದ್ದನ್ನು ಕಂಡು ನಿಲ್ಲಿಸಿದೆ.

"ನಮ್ಮ ಮನ್ಯಾಗ ಆ ಹೆಸರು ಹೇಳೂದಿಲ್ರಿ," ಎಂದರು.

ಕಾರಣವನ್ನೂ ಅವರೇ ಹೇಳಿದರು. ಆಗ ಅವರಿಗೆ ಒಂಬತ್ತು ವರ್ಷ. ಬೇಸಗೆಯಾದ್ದರಿಂದ ಎಲ್ಲರೂ ಅಂಗಳದಲ್ಲಿ ಮಲಗಿದ್ದರು. ನಸುಕಿನಲ್ಲಿ ನೀರಿಗೆ ಹೊರಟ ಅವ್ವ, "ತಮ್ಮನ ಮ್ಯಾಲೆ ಕಣ್ಣಿರಲಿ" ಎಂದು ಎಬ್ಬಿಸಿ ಹೋದರು. ತಮ್ಮ ರಶೀದನಿಗೆ ಎರಡು ವರ್ಷ. ಇವರಿಗೆ ಮತ್ತೆ ನಿದ್ದೆ ಹತ್ತಿತು. ಎಚ್ಚರವಾದಾಗ ಕೌದಿ ಇನ್ನೂ ಬೆಚ್ಚಗಿತ್ತು; ತಮ್ಮನಿರಲಿಲ್ಲ. ಮಣ್ಣಿನಲ್ಲಿ ತೋಳದ ಹೆಜ್ಜೆಗಳಿದ್ದವು. ಊರವರು ಮೂರು ದಿನ ಗುಡ್ಡವೆಲ್ಲ ಹುಡುಕಿದರು. ಸಿಕ್ಕಿದ್ದು ಕೊರಳ ತಾಯತ ಮಾತ್ರ. ಹೆಸರಿಟ್ಟು ಕರೆದರೆ ಮತ್ತೆ ಬಂದೀತೆಂದು ಆ ಮನೆಯಲ್ಲಿ ಅಂದಿನಿಂದ ಅದು ಬರೇ "ಅಂವ". ಅವ್ವ ಸಾಯುವತನಕ "ಅಂವ ಒಯ್ದ" ಎನ್ನುತ್ತಿದ್ದರಂತೆ. "ನೀ ನಿದ್ದಿ ಮಾಡಿದಿ" ಎಂದು ಒಮ್ಮೆಯೂ ಅನ್ನಲಿಲ್ಲ.

"ಬೈದಿದ್ದರ ಚಲೋ ಇತ್ರಿ ಅಕ್ಕೋರ."

ನಾನು ಪುಸ್ತಕ ಮುಚ್ಚಿದೆ. ಆನೆಯದೋ ಮೊಲದ್ದೋ ಬೇರೊಂದು ತರೋಣ ಎಂದೆ.

"ಬ್ಯಾಡ್ರಿ. ಕೂಸು ನನಗ ಅಂತ ತಂದಿದ್ದು ಇದನ್ನ."

ಮೂರು ವಾರ ಪಾಠ ನಡೆಯಿತು. ತೋಳದ ಬಾಯಿಗೆ ಅವರು ತಮ್ಮೂರಿನ ಮಾತನ್ನೇ ಕೊಟ್ಟರು. "ಏ ಕುರಿಗೋಳ್ರ್ಯಾ, ಉಣ್ಣಾಕ ಬರ್ರಿ! ಸೀದಿದ್ದು ನನಗಿರಲಿ!" ಕೊಳದ ಕಾವಲುಗಾರ ತಿರುಗಿ ನೋಡಿದರೂ ನಿಲ್ಲಿಸುತ್ತಿರಲಿಲ್ಲ. ಆದರೆ ಹದಿನಾಲ್ಕನೆಯ ಪುಟದಲ್ಲಿ ಬಾಯಿ ಕಟ್ಟುತ್ತಿತ್ತು. ಅಲ್ಲಿ ತೋಳ ಮಲಗಿದ ಕುರಿಮರಿಯನ್ನು ಎದೆಗವಚಿಕೊಂಡು ಹೊಲ ದಾಟುತ್ತದೆ. ಆ ಸಾಲನ್ನು ಕೇಳಲೂ ಅವರು ಒಪ್ಪಲಿಲ್ಲ. "ಅದನ್ನ ತಿರುವಿ ಹಾಕ್ತೀನ್ರಿ," ಎಂದರು.

ಅವರು ಓದಿದ ದಿನ ಮದೀಹಾ ನನ್ನನ್ನು ಚಹಾಕ್ಕೆ ಕರೆದಿದ್ದಳು. ಹಮೀದುನ್ನೀಸಾ ಮಗುವನ್ನು ಕರೆಯದೆ, ನಡುಮನೆಯಲ್ಲಿ ಕುಳಿತು ತಮ್ಮಷ್ಟಕ್ಕೆ ತಾವೇ ಓದತೊಡಗಿದರು. ಬಾಗಿಲ ಸಂದಿಯಲ್ಲೊಂದು ಜಡೆ ಕಾಣಿಸಿತು. "ಸೀದಿದ್ದು ನನಗಿರಲಿ" ಎಂದಾಗ ಕಿಸಕ್ಕೆಂದು ನಗು.

"ಅಗೇನ್ ಲಾ, ದಾದಿ!"

ಏಳನೆಯ ಪುಟಕ್ಕೆ ಮಗು ಪಕ್ಕದಲ್ಲಿತ್ತು. ಹತ್ತನೆಯದಕ್ಕೆ ತೊಡೆಯ ಮೇಲೆ. ಹಮೀದುನ್ನೀಸಾ ಉಸಿರು ಜೋರಾಗಿ ಬಿಟ್ಟರೆ ಎದ್ದು ಹೋದೀತೋ ಎಂಬಂತೆ ಕುಳಿತಿದ್ದರು. ಹದಿನಾಲ್ಕನೆಯದು ಬಂದಾಗ ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿದರು.

"ನೋ! ಯು ಸ್ಕಿಪ್ಡ್!" ಮಗು ಹಾಳೆಯನ್ನು ಹಿಂದಕ್ಕೆ ತಿರುವಿತು.

ಅವರ ಕೈ ಚಿತ್ರದ ಮೇಲೆ ನಿಂತಿತು. ಕೇಳಿದರು: "ಎಲ್ಲಿಗೆ ಒಯ್ತಾನವಾ ಅಂವ?"

"ಹೋಮ್ ಲಾ, ದಾದಿ. ಬೇಬಿ ಫೆಲ್ ಅಸ್ಲೀಪ್."

"ಏನಂತೈತ್ರಿ ಅಕ್ಕೋರ?"

ನಾನು ಹೇಳಲೇಬೇಕಾಯಿತು. "ಮನೆಗಂತೆ. ಮರಿಗೆ ನಿದ್ದೆ ಬಂದಿತ್ತು. ಅದರ ಅವ್ವನ ಹತ್ತಿರ ತಿರುಗಿ ಬಿಡಲು ಒಯ್ಯುತ್ತಿದೆ."

"ಮನೀಗೆ?"

ಮಗು ತಲೆಯಾಡಿಸಿತು. ಟೇಪು ಹಚ್ಚಿದ ಪುಟದ ಮೇಲೆ ಎರಡು ಹನಿ ಬಿದ್ದವು; ಮಗು ಅವನ್ನು ಫ್ರಾಕಿನ ಅಂಚಿನಿಂದ ಒರೆಸಿತು. ತೊಡೆಯಿಂದ ಇಳಿಯಲಿಲ್ಲ.

ಊರಿಗೆ ಹೋದ ಮೇಲೂ ಅವರು ಪ್ರತಿ ಶುಕ್ರವಾರ ಫೋನಿನಲ್ಲಿ ಆ ಕತೆ ಹೇಳುತ್ತಿದ್ದರು. ಹದಿನಾಲ್ಕನೆಯ ಪುಟ ಬಂದರೆ ಸುಮ್ಮನಾಗುವರು. ಆ ಸಾಲು ಫಿರ್ದೌಸಳದು.

೨೦೧೭ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ತಬ್ರೇಜ್ ಒಬ್ಬನೇ ಊರಿಗೆ ಓಡಿದ. ಆ ಶುಕ್ರವಾರ ಎಂಟು ವರ್ಷದ ಫಿರ್ದೌಸ್ ಪುಸ್ತಕ ಹಿಡಿದು ನಮ್ಮ ಬಾಗಿಲಿಗೆ ಬಂದಳು. ನನ್ನ ಪಕ್ಕ ಕುಳಿತು ಅದನ್ನು ನನ್ನ ಮಡಿಲಲ್ಲಿಟ್ಟಳು. ನಾನು ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದೆ.

"ಒಂದು ಊರಿನಲ್ಲಿ ಒಂದು ತೋಳ…"

ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಹಾಗಲ್ಲ ಟೀಚರಜ್ಜಿ," ಎಂದಳು, ಕನ್ನಡದಲ್ಲಿ. "ಅಂವ."

ನಾನು ಮೊದಲಿನಿಂದ ಓದಿದೆ.